ಧೂಮಪಾನವೂ ಸ್ತ್ರೀಪುರುಷರ ಶ್ವಾಸಕೋಶಗಳೂ

ಬೆಟ್ಟದ ಮೇಲೆ ಹೊಗೆಯೇಳುವುದನ್ನು ಕಂಡು ಅಲ್ಲಿ ಬೆಂಕಿಯಿರಬೇಕೆಂದು ಊಹಿಸುವುದು ನಮ್ಮ ತಾರ್ಕಿಕರು ಅನುಮಾನಪ್ರಮಾಣಕ್ಕೆ ಕೊಡುವ ಹಳೆಯ ನಿದರ್ಶನ. ತರ್ಕಶಾಸ್ತ್ರದ ಮೊದಲ ಪಾಠವನ್ನು ಓದಿದ ಬಾಲಕನೂ ಇದನ್ನು ಬಲ್ಲನು. ಹೊಗೆಯಿಂದ ಬೆಂಕಿಯನ್ನು ಊಹಿಸುವುದು ಸುಲಭ. ಆದರೆ ಅದೇ ಹೊಗೆಯು ಮನುಷ್ಯನ ಎದೆಯೊಳಗೆ ಹೊಕ್ಕು ಇಪ್ಪತ್ತು ಮೂವತ್ತು ವರ್ಷಗಳ ಮೇಲೆ ಮಾಡುವ ಕೇಡನ್ನು ಊಹಿಸುವುದು ಅಷ್ಟು ಸುಲಭವಲ್ಲ. ಅದರಲ್ಲಿಯೂ, ಗಂಡಸಿನ ಎದೆಯಲ್ಲಿ ಅದು ಮಾಡುವ ಕೇಡೂ ಹೆಂಗಸಿನ ಎದೆಯಲ್ಲಿ ಮಾಡುವ ಕೇಡೂ ಸರ್ವಥಾ ಒಂದೇ ವಿಧವಾದುದಲ್ಲವೆಂಬ ಸಂಗತಿಯು ವೈದ್ಯರಲ್ಲಿಯೇ ಈಚಿನ ಕೆಲವು ದಶಕಗಳಿಂದ ಮಾತ್ರ ಚರ್ಚೆಗೆ ಬಂದಿರುತ್ತದೆ. ಗೃಹಸ್ಥರೂ ಗೃಹಿಣಿಯರೂ ಇದನ್ನು ತಿಳಿದಿರುವುದು ಅವಶ್ಯಕವೆಂದು ತೋರಿದುದರಿಂದ ಈ ಲೇಖನವನ್ನು ವಾಚಕರ ಮುಂದಿಡುತ್ತೇವೆ.

೧೯೪೮ರಲ್ಲಿ ಚಕ್ರವರ್ತಿ ರಾಜಗೋಪಾಲಾಚಾರ್ಯರು ಜಯನಗರಕ್ಕೆ ಅಸ್ತಿಭಾರವನ್ನಿಟ್ಟರು. ಅಗಲವಾದ ಬೀದಿ, ಸಾಲುಮರ, ಒಳ್ಳೆಯ ಗಾಳಿ ಇವುಗಳನ್ನು ಬಯಸಿಯೇ ಜನರು ಇಲ್ಲಿಗೆ ಬಂದು ನೆಲೆಸಿದರು. ಈಗ ಸಂಜೆಯ ಹೊತ್ತು ಜೆ.ಪಿ. ನಗರದ ಕಡೆಗೋ ಬಿ.ಟಿ.ಎಂ. ಲೇಔಟಿನ ಕಡೆಗೋ ನಡೆದುಹೋದರೆ, ಕಚೇರಿಗಳ ಬಳಿಯ ಚಹದಂಗಡಿಗಳ ಮುಂದೆ ತರುಣರೂ ತರುಣಿಯರೂ ಜೊತೆಯಾಗಿ ನಿಂತು ಸಿಗರೇಟು ಸೇದುವುದನ್ನು ಕಾಣಬಹುದು. ಹಾದುಹೋಗುವ ಹಿರಿಯರು ಹುಡುಗನನ್ನು ಕಂಡರೆ ಕಂಡೂ ಕಾಣದಂತೆ ಹೋಗುವರು. ಹುಡುಗಿಯನ್ನು ಕಂಡರೆ ಹೌಹಾರುವರು. ಗಂಡಸು ಸೇದಿದರೆ ಅಭ್ಯಾಸವೆಂದೂ ಹೆಂಗಸು ಸೇದಿದರೆ ಅಪರಾಧವೆಂದೂ ನಮ್ಮ ಜನರ ನ್ಯಾಯ. ಶ್ವಾಸಕೋಶವಾದರೋ ಈ ನ್ಯಾಯವನ್ನು ಅರಿಯದು. ಅದಕ್ಕೆ ತನ್ನದೇ ಆದ ಬೇರೊಂದು ನ್ಯಾಯವುಂಟು. ಪ್ರಕೃತದಲ್ಲಿ ನಾವು ವಿಚಾರಮಾಡಬೇಕಾದುದು ಅದನ್ನೇ.

ಹೊಗೆಸೊಪ್ಪಿನ ಪೂರ್ವವೃತ್ತಾಂತ

"ನಮ್ಮ ಪ್ರಾಚೀನರೂ ಧೂಮಪಾನ ಮಾಡುತ್ತಿರಲಿಲ್ಲವೆ?" ಎಂದು ಕೇಳುವವರುಂಟು. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಧೂಮಪಾನದ ವಿಧಿಯಿರುವುದು ನಿಜ. ಆದರೆ ಅದು ಗಂಧದ್ರವ್ಯಗಳಿಂದಲೂ ಮೂಲಿಕೆಗಳಿಂದಲೂ ಮಾಡಿದ ವರ್ತಿಯ ಹೊಗೆ, ಔಷಧರೂಪವಾಗಿ ಹೇಳಲ್ಪಟ್ಟುದು; ಅದರಲ್ಲಿ ಹೊಗೆಸೊಪ್ಪಿನ ಗಂಧವೂ ಇಲ್ಲ. ಅಷ್ಟೇ ಅಲ್ಲದೆ, ಆ ಧೂಮವನ್ನು ಯಾರು ಸೇವಿಸಕೂಡದೆಂಬ ಪಟ್ಟಿಯಲ್ಲಿ ಚರಕಾಚಾರ್ಯರು ಗರ್ಭಿಣಿಯನ್ನೂ ಸೇರಿಸಿದ್ದಾರೆ. ಔಷಧದ ಹೊಗೆಯನ್ನೇ ಗರ್ಭಿಣಿಗೆ ನಿಷೇಧಿಸಿದವರನ್ನು ಸಿಗರೇಟಿನ ಪರವಾಗಿ ಸಾಕ್ಷಿಗೆ ಕರೆಯುವುದು ಯುಕ್ತವಲ್ಲ.

ಹೊಗೆಸೊಪ್ಪು ಅಮೆರಿಕ ಖಂಡದ ಗಿಡ. ಪೋರ್ಚುಗೀಸರ ಹಡಗುಗಳಲ್ಲಿ ನಮ್ಮ ದೇಶಕ್ಕೆ ಬಂದುದು. ಉತ್ತರ ದೇಶದ ಅರಮನೆಗೆ ಇದು ಹೋದದ್ದು ನಮ್ಮ ಕರ್ನಾಟಕದಿಂದಲೇ ಎಂಬುದನ್ನು ಬಹುಮಂದಿ ಅರಿಯರು. ೧೬೦೪ರ ಸುಮಾರಿನಲ್ಲಿ ಅಕ್ಬರನ ಅಧಿಕಾರಿಯಾದ ಅಸದ್ ಬೇಗನು ಬಿಜಾಪುರದಲ್ಲಿ ಇದನ್ನು ಕಂಡು, ರತ್ನಖಚಿತವಾದ ಕೊಳವೆಯೊಡನೆ ಒಯ್ದು ಬಾದಶಹನಿಗೆ ಒಪ್ಪಿಸಿದನು. ಅರಮನೆಯ ವೈದ್ಯನು ಅಂದೇ ಆಕ್ಷೇಪಿಸಿದನು. ಆದರೂ ಆ ಗಿಡವು ನಮ್ಮ ನೆಲದಲ್ಲಿ ಬೇರೂರಿತು. ಇಂದು ಹುಣಸೂರು, ಪಿರಿಯಾಪಟ್ಟಣಗಳ ಹೊಲಗಳಲ್ಲಿ ಸಿಗರೇಟಿನ ಹೊಗೆಸೊಪ್ಪು ಬೆಳೆಯುತ್ತದೆ. ದಕ್ಷಿಣ ಕನ್ನಡದ ಮನೆಗಳಲ್ಲಿ ಹೆಂಗಸರ ಬೆರಳುಗಳು ಬೀಡಿ ಕಟ್ಟಿವೆ. ನಮ್ಮ ಅಜ್ಜಿಯರ ಎಲೆಯಡಿಕೆಯ ತಟ್ಟೆಯಲ್ಲಿ ಕಡ್ಡಿಪುಡಿಯಿತ್ತು. ನಸ್ಯದ ಡಬ್ಬಿಯಂತೂ ಒಂದು ಕಾಲದಲ್ಲಿ ನಮ್ಮ ಉಪಾಧ್ಯಾಯವೃತ್ತಿಯವರ ಆಭರಣವೇ ಆಗಿತ್ತು. ಆದರೆ ಹೊಗೆಯಾಗಿ ಸೇದುವ ಅಭ್ಯಾಸವು ನಮ್ಮ ಹೆಂಗಸರಲ್ಲಿ ಇಂದಿಗೂ ವಿರಳ. ೨೦೧೬-೧೭ರಲ್ಲಿ ದೇಶದಾದ್ಯಂತ ನಡೆದ ತಂಬಾಕಿನ ಸಮೀಕ್ಷೆಯಲ್ಲಿ, ವಯಸ್ಕರಾದ ಗಂಡಸರಲ್ಲಿ ನೂರಕ್ಕೆ ೧೯ ಮಂದಿಯೂ ಹೆಂಗಸರಲ್ಲಿ ನೂರಕ್ಕೆ ಇಬ್ಬರೂ ಧೂಮಪಾನಿಗಳೆಂದು ಕಂಡುಬಂದಿತು.

ಶ್ವಾಸಕೋಶದ ರಚನೆ

ನಮ್ಮ ಎದೆಯಲ್ಲಿರುವ ಶ್ವಾಸಕೋಶಗಳೆರಡೂ ತಲೆಕೆಳಗಾಗಿ ನಿಂತ ಮರದಂತಿವೆ. ಗಂಟಲಿನಿಂದಿಳಿಯುವ ಶ್ವಾಸನಾಳವೇ ಕಾಂಡ. ಅದು ಕೊಂಬೆಕೊಂಬೆಯಾಗಿ ಒಡೆದು, ಕೂದಲಿನಷ್ಟು ಸಣ್ಣ ನಾಳಗಳಾಗಿ, ತುದಿಯಲ್ಲಿ ಗಾಳಿಯ ಗೂಡುಗಳಾಗುತ್ತದೆ. ಪ್ರಾಪ್ತವಯಸ್ಕರಲ್ಲಿ ಇಂತಹ ಗೂಡುಗಳು ಐವತ್ತು ಕೋಟಿಗೆ ಸಮೀಪವಾಗಿರುವುವು. ರಕ್ತವು ಗಾಳಿಯನ್ನು ಕೂಡುವುದು ಈ ಗೂಡುಗಳಲ್ಲಿಯೇ.

ಒಂದೇ ಎತ್ತರದ ಗಂಡಸನ್ನೂ ಹೆಂಗಸನ್ನೂ ಹೋಲಿಸಿದರೆ ಹೆಂಗಸಿನ ಶ್ವಾಸಕೋಶವು ಗಾತ್ರದಲ್ಲಿ ಕಿರಿದು. ಅದರ ನಾಳಗಳೂ ಸಾಮಾನ್ಯವಾಗಿ ಹೆಚ್ಚು ಇಕ್ಕಟ್ಟು. ಇದು ಕೊರತೆಯಲ್ಲ, ಪ್ರಕೃತಿಯ ರಚನೆ. ಆರೋಗ್ಯವಂತೆಯಾದ ಸ್ತ್ರೀಗೆ ಇದರಿಂದ ಯಾವ ಬಾಧೆಯೂ ಇಲ್ಲ. ಆದರೆ ಅಗಲವಾದ ಕಾಲುವೆಯಲ್ಲಿ ಒಂದಂಗುಲ ಹೂಳು ತುಂಬುವುದಕ್ಕೂ ಕಿರುಗಾಲುವೆಯಲ್ಲಿ ಒಂದಂಗುಲ ಹೂಳು ತುಂಬುವುದಕ್ಕೂ ಇರುವ ಭೇದವನ್ನು ರೈತರು ಬಲ್ಲರು. ಹೊಗೆಯ ಉರಿಯಿಂದ ನಾಳದ ಒಳಗೋಡೆಯು ಅದೇ ಪ್ರಮಾಣದಲ್ಲಿ ಊದಿಕೊಂಡರೂ, ಕಿರಿದಾದ ನಾಳದಲ್ಲಿ ಗಾಳಿಗೆ ಉಳಿಯುವ ದಾರಿಯು ಬಹಳ ಕಡಮೆಯಾಗುವುದು.

ಲೆಕ್ಕದಿಂದ ತಿಳಿಯುವುದೇನು?

ಉಸಿರನ್ನು ಪೂರ್ಣವಾಗಿ ಎಳೆದುಕೊಂಡು ಬಲವಾಗಿ ಊದಿದರೆ ಮೊದಲನೆಯ ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಬರುತ್ತದೆಂಬುದನ್ನು ವೈದ್ಯರು ಸ್ಪೈರೋಮೀಟರೆಂಬ ಯಂತ್ರದಿಂದ ಅಳೆಯುತ್ತಾರೆ. ಈ ಅಳತೆಯು ಇಪ್ಪತ್ತೈದನೆಯ ವಯಸ್ಸಿನ ಆಸುಪಾಸಿನಲ್ಲಿ ಶಿಖರವನ್ನು ಮುಟ್ಟಿ, ಬಳಿಕ ಎಲ್ಲರಲ್ಲಿಯೂ ವರ್ಷವರ್ಷಕ್ಕೆ ಸ್ವಲ್ಪಸ್ವಲ್ಪವಾಗಿ ಇಳಿಯುತ್ತ ಹೋಗುವುದು. ಧೂಮಪಾನವು ಈ ಇಳುವರಿಯನ್ನು ತ್ವರೆಗೊಳಿಸುತ್ತದೆ.

ಅಮೆರಿಕ ಮತ್ತು ಕೆನಡ ದೇಶಗಳಲ್ಲಿ ೧೯೮೬ರಿಂದ ಆರಂಭವಾದ ಶ್ವಾಸಕೋಶಾರೋಗ್ಯದ ಒಂದು ಪ್ರಸಿದ್ಧ ಪರೀಕ್ಷೆಯಲ್ಲಿ ಸುಮಾರು ೫,೯೦೦ ಧೂಮಪಾನಿಗಳನ್ನು ಸೇರಿಸಿಕೊಂಡು, ಅವರಲ್ಲಿ ಬಹುಮಂದಿಯನ್ನು ಹನ್ನೊಂದು ವರ್ಷಗಳ ತನಕ ಅನುಸರಿಸಿ ನೋಡಿದರು. ಸೇದುವುದನ್ನು ಬಿಡದ ಗಂಡಸರು ವರ್ಷಕ್ಕೆ ಸುಮಾರು ೬೬ ಮಿಲಿಲೀಟರಿನಷ್ಟು ಶಕ್ತಿಯನ್ನೂ, ಬಿಡದ ಹೆಂಗಸರು ಸುಮಾರು ೫೪ ಮಿಲಿಲೀಟರಿನಷ್ಟನ್ನೂ ಕಳೆದುಕೊಂಡರು. ಬಿಟ್ಟ ಗಂಡಸರಲ್ಲಿ ಈ ನಷ್ಟವು ಸುಮಾರು ೩೦ಕ್ಕೂ, ಬಿಟ್ಟ ಹೆಂಗಸರಲ್ಲಿ ಸುಮಾರು ೨೨ಕ್ಕೂ ಇಳಿಯಿತು.

ಇದನ್ನು ಮೇಲುನೋಟಕ್ಕೆ ನೋಡಿದವರು ಗಂಡಸರ ನಷ್ಟವೇ ಹೆಚ್ಚೆಂದು ತೀರ್ಮಾನಿಸಿಯಾರು. ಆದರೆ ಕೊಡದಿಂದ ಸೋರಿದ ನೀರನ್ನೂ ತಂಬಿಗೆಯಿಂದ ಸೋರಿದ ನೀರನ್ನೂ ಹನಿಯೆಣಿಸಿ ಹೋಲಿಸಿದರೆ ಸಾಲದು. ಪಾತ್ರೆಯಲ್ಲಿ ಇದ್ದುದೆಷ್ಟು, ಉಳಿದುದೆಷ್ಟು ಎಂಬುದನ್ನು ನೋಡಬೇಕು. ಬೇರೆಬೇರೆ ದೇಶಗಳ ಇಂತಹ ಪರೀಕ್ಷೆಗಳನ್ನು ಒಟ್ಟುಗೂಡಿಸಿ ೨೦೦೬ರಲ್ಲಿ ಪ್ರಕಟವಾದ ಒಂದು ವಿಮರ್ಶೆಯು ಹಾಗೆಯೇ ಪಾಲಿನ ಲೆಕ್ಕವನ್ನು ಹಾಕಿತು. ನಲವತ್ತೈದು ಐವತ್ತರ ವಯಸ್ಸನ್ನು ದಾಟಿದ ಮೇಲೆ, ಧೂಮಪಾನ ಮಾಡುವ ಹೆಂಗಸರ ಶ್ವಾಸಶಕ್ತಿಯು ಹಾಗೆ ಮಾಡುವ ಗಂಡಸರದಕ್ಕಿಂತ ವೇಗವಾಗಿ ಇಳಿಯುವುದೆಂದು ಅದರಲ್ಲಿ ಕಂಡುಬಂದಿತು. ಮುಟ್ಟು ನಿಲ್ಲುವ ಕಾಲವೂ ಅದೇ ಆಗಿರುವುದು ಗಮನಾರ್ಹ.

ಕೇಡಿನ ಬಗೆಯಲ್ಲಿಯೂ ಭೇದವುಂಟು. ಧೂಮಪಾನದಿಂದ ದೀರ್ಘಕಾಲದ ಶ್ವಾಸರೋಗಕ್ಕೆ ಗುರಿಯಾದ ಗಂಡಸರಲ್ಲಿ ಗಾಳಿಗೂಡುಗಳ ಗೋಡೆಗಳೇ ಹರಿದು ದೊಡ್ಡ ಪೊಳ್ಳುಗಳಾಗುವುದು ಹೆಚ್ಚು. ಹೆಂಗಸರಲ್ಲಿ ನಾಳಗಳ ಗೋಡೆಯು ದಪ್ಪವಾಗಿ ಒಳದಾರಿಯು ಕಿರಿದಾಗುವುದು ಹೆಚ್ಚು. ಇಬ್ಬರಿಗೂ ಉಸಿರು ಸಾಲದು. ಆದರೆ ಒಬ್ಬರಲ್ಲಿ ಮನೆ ಕುಸಿದಿದೆ, ಮತ್ತೊಬ್ಬರಲ್ಲಿ ಬಾಗಿಲು ಮುಚ್ಚಿದೆ.

ಇನ್ನೊಂದು ಸಂಗತಿ. ಹೊಗೆಸೊಪ್ಪಿನಲ್ಲಿರುವ ನಿಕೋಟಿನೆಂಬ ವಿಷವನ್ನು ಹೆಂಗಸರ ಪಿತ್ತಜನಕಾಂಗವು ಗಂಡಸರದಕ್ಕಿಂತ ಬೇಗನೆ ಕರಗಿಸುವುದು. ಸ್ತ್ರೀತ್ವದ ರಸವಾದ ಈಸ್ಟ್ರೋಜೆನ್ನಿನ ಪ್ರಭಾವವೇ ಇದಕ್ಕೆ ಕಾರಣ. ಗರ್ಭಿಣಿಯರಲ್ಲಿಯೂ ಗರ್ಭನಿರೋಧದ ಮಾತ್ರೆಗಳನ್ನು ಸೇವಿಸುವವರಲ್ಲಿಯೂ ಇದು ಇನ್ನೂ ತ್ವರಿತ. ಬೇಗನೆ ಕರಗುವುದು ಒಳ್ಳೆಯದೆಂದು ತೋರಬಹುದು. ಆದರೆ ಬೇಗನೆ ಕರಗಿದರೆ ಬೇಗನೆ ಮತ್ತೆ ಬೇಕೆನಿಸುವುದು. ಬಿಡಲೆತ್ನಿಸುವವಳಿಗೆ ಇದೇ ತೊಡಕಾಗುವುದು.

ಎಳೆಯ ವಯಸ್ಸಿನ ಅಪಾಯ

ಕಾಲೇಜಿಗೆ ಹೋಗುವ ಮಕ್ಕಳಿರುವ ಮನೆಯವರು ಈ ಭಾಗವನ್ನು ವಿಶೇಷವಾಗಿ ಗಮನಿಸಬೇಕು. ಅಮೆರಿಕದ ಆರು ಊರುಗಳಲ್ಲಿ ಹತ್ತರಿಂದ ಹದಿನೆಂಟು ವಯಸ್ಸಿನ ಹತ್ತು ಸಾವಿರಕ್ಕೂ ಹೆಚ್ಚು ಬಾಲಕ ಬಾಲಕಿಯರನ್ನು ವರ್ಷವರ್ಷವೂ ಪರೀಕ್ಷಿಸಿ, ೧೯೯೬ರಲ್ಲಿ ಫಲವನ್ನು ಪ್ರಕಟಿಸಿದರು. ದಿನಕ್ಕೆ ಐದು ಅಥವಾ ಅದಕ್ಕಿಂತ ಹೆಚ್ಚು ಸಿಗರೇಟು ಸೇದುವ ಹುಡುಗಿಯರ ಶ್ವಾಸಶಕ್ತಿಯ ಬೆಳವಣಿಗೆಯು, ಎಂದೂ ಸೇದದ ಹುಡುಗಿಯರದಕ್ಕಿಂತ ವರ್ಷಕ್ಕೆ ಶೇಕಡ ೧.೦೯ರಷ್ಟು ಹಿಂದೆ ಬಿದ್ದಿತು. ಹುಡುಗರಲ್ಲಿ ಈ ಹಿನ್ನಡೆಯು ಶೇಕಡ ೦.೨೦ ಮಾತ್ರ. ಹುಡುಗಿಯರ ಶ್ವಾಸಕೋಶವು ಬೇಗನೆ ಬೆಳೆದು ಬೇಗನೆ ನಿಲ್ಲುವುದು; ಹುಡುಗರದು ಇನ್ನೂ ಕೆಲವು ವರ್ಷ ಬೆಳೆಯುತ್ತಲೇ ಇರುವುದು. ಬೆಳೆಯುವ ಕಾಲದಲ್ಲಿ ಕಳೆದುಹೋದುದನ್ನು ಬೆಳವಣಿಗೆ ನಿಂತಮೇಲೆ ತುಂಬಿಕೊಳ್ಳುವುದೆಂತು? ಇದರಿಂದ ಹುಡುಗರಿಗೆ ಅಪಾಯವಿಲ್ಲವೆಂದು ಅರ್ಥಮಾಡಕೂಡದು. ಆಯುಷ್ಯದುದ್ದಕ್ಕೂ ಸೇದುವ ಚಟಕ್ಕೆ ಅಂಟಿಕೊಳ್ಳುವವರಲ್ಲಿ ಹೆಚ್ಚಿನವರು ಅವರೇ.

೧೯೨೯ರಲ್ಲಿ ನ್ಯೂಯಾರ್ಕಿನ ಈಸ್ಟರ್ ಹಬ್ಬದ ಮೆರವಣಿಗೆಯಲ್ಲಿ ತರುಣಿಯರು ಬಹಿರಂಗವಾಗಿ ಸಿಗರೇಟು ಹಚ್ಚುವಂತೆ ಮಾಡಿ, ಅದಕ್ಕೆ ಸ್ವಾತಂತ್ರ್ಯದ ಪಂಜೆಂದು ಹೆಸರಿಟ್ಟರು. ಇದು ಸ್ವಾತಂತ್ರ್ಯಪ್ರೇಮಿಗಳ ಯೋಚನೆಯಲ್ಲ. ಸಿಗರೇಟು ಕಂಪೆನಿಯು ಹಣಕೊಟ್ಟು ನಿಯಮಿಸಿದ ಪ್ರಚಾರಕನ ಯೋಚನೆ. ನಮ್ಮ ಹೆಣ್ಣುಮಕ್ಕಳು ಯಾವ ಸ್ವಾತಂತ್ರ್ಯವನ್ನು ಬೇಕಾದರೂ ಪಡೆಯಲಿ. ಪರರು ಲಾಭಕ್ಕಾಗಿ ಕಟ್ಟಿದ ಹಗ್ಗವನ್ನು ಸ್ವಾತಂತ್ರ್ಯವೆಂದು ತಿಳಿಯದಿರಲಿ.

ಆಯುಷ್ಯದ ಲೆಕ್ಕ

ನಮ್ಮ ದೇಶದ್ದೇ ಆದ ಲೆಕ್ಕವೊಂದುಂಟು. ಡಾಕ್ಟರ್ ಪ್ರಭಾತ್ ಝಾ ಮತ್ತು ಅವರ ಸಂಗಡಿಗರು ೨೦೦೧ರಿಂದ ೨೦೦೩ರ ವರೆಗಿನ ಮರಣಗಳನ್ನು ಕುರಿತು ಹನ್ನೊಂದು ಲಕ್ಷ ಮನೆಗಳಲ್ಲಿ ವಿಚಾರಿಸಿ ೨೦೦೮ರಲ್ಲಿ ಪ್ರಕಟಿಸಿದುದು. ಧೂಮಪಾನದಿಂದ ಗಂಡಸರ ಆಯುಷ್ಯವು ಸುಮಾರು ಆರು ವರ್ಷಗಳಷ್ಟೂ ಹೆಂಗಸರ ಆಯುಷ್ಯವು ಸುಮಾರು ಎಂಟು ವರ್ಷಗಳಷ್ಟೂ ಕುಗ್ಗುವುದೆಂದು ಅವರು ಕಂಡುಕೊಂಡರು. ಕ್ಷಯ, ಶ್ವಾಸರೋಗ, ಹೃದಯ ಮತ್ತು ರಕ್ತನಾಳಗಳ ರೋಗ, ಅರ್ಬುದರೋಗ ಇವೇ ಮುಖ್ಯವಾದ ಕಾರಣಗಳು. ಆ ಹೆಂಗಸರಲ್ಲಿ ಬಹುಮಂದಿ ಸೇದುತ್ತಿದ್ದುದು ಬೀಡಿಯನ್ನು. ಬೀಡಿಯು ಸಣ್ಣದು, ಎಲೆಯಲ್ಲಿ ಸುತ್ತಿದುದು, ಆದುದರಿಂದ ನಿರಪಾಯಕರವೆಂಬ ನಂಬಿಕೆಯು ಇದರಿಂದ ಸುಳ್ಳಾಯಿತು.

ಶ್ವಾಸಕೋಶದ ಕ್ಯಾನ್ಸರಿನ ವಿಷಯದಲ್ಲಿ ವಿದ್ವಾಂಸರಿಗೆ ಏಕಾಭಿಪ್ರಾಯವಿಲ್ಲ. ಒಂದೇ ಸಮನಾಗಿ ಸೇದುವ ಗಂಡಸಿಗಿಂತ ಹೆಂಗಸಿಗೆ ಈ ಅಪಾಯವು ಹೆಚ್ಚೆಂದು ಮೊದಲು ಕೆಲವರು ಹೇಳಿದರು. ಅನಂತರ ಲಕ್ಷಾಂತರ ಜನರನ್ನು ದೀರ್ಘಕಾಲ ಅನುಸರಿಸಿ ನೋಡಿದವರು ಇಬ್ಬರಿಗೂ ಅಪಾಯವು ಹೆಚ್ಚುಕಡಿಮೆ ಸಮವೆಂದು ಕಂಡರು. ಹೊಗೆಯ ವಿಷಯದಲ್ಲಿ ಸಮಾನತೆಯೂ ಸಮಾಧಾನಕರವಲ್ಲ.

ಸೇದದವರು ತೆರುವ ದಂಡ

ಇಷ್ಟು ಓದಿದ ಗೃಹಸ್ಥರು, "ನಮ್ಮ ಮನೆಯಲ್ಲಿ ಹೆಂಗಸರಾರೂ ಸೇದುವುದಿಲ್ಲ, ಇದು ನಮಗೇಕೆ?" ಎಂದು ಕೇಳಬಹುದು. ಅವರಿಗಾಗಿಯೇ ಮುಂದಿನ ಮಾತುಗಳನ್ನು ಬರೆಯುತ್ತಿದ್ದೇವೆ.

ಜಪಾನ್ ದೇಶದ ಹಿರಾಯಾಮ ಎಂಬ ವಿದ್ವಾಂಸರು, ತಾವು ಎಂದೂ ಸೇದದ ತೊಂಬತ್ತೊಂದು ಸಾವಿರಕ್ಕೂ ಹೆಚ್ಚು ಗೃಹಿಣಿಯರನ್ನು ಹದಿನಾಲ್ಕು ವರ್ಷ ಅನುಸರಿಸಿ ೧೯೮೧ರಲ್ಲಿ ಒಂದು ವಿಷಯವನ್ನು ತಿಳಿಸಿದರು. ದಿನಕ್ಕೆ ಇಪ್ಪತ್ತು ಸಿಗರೇಟು ಅಥವಾ ಹೆಚ್ಚು ಸೇದುವ ಗಂಡಂದಿರ ಹೆಂಡಂದಿರಿಗೆ ಶ್ವಾಸಕೋಶದ ಕ್ಯಾನ್ಸರಿನ ಮರಣವು, ಸೇದದವರ ಹೆಂಡಂದಿರಿಗಿಂತ ಹೆಚ್ಚುಕಡಿಮೆ ಇಮ್ಮಡಿಯಾಗಿತ್ತು. ಬಳಿಕ ಅನೇಕ ದೇಶಗಳ ಪರೀಕ್ಷೆಗಳನ್ನು ಕೂಡಿಸಿ ನೋಡಿದಾಗ, ಸೇದುವವರೊಡನೆ ಬಾಳುವವರಿಗೆ ಈ ಅಪಾಯವು ನೂರಕ್ಕೆ ಇಪ್ಪತ್ತರಿಂದ ಮೂವತ್ತರಷ್ಟು ಹೆಚ್ಚೆಂದು ತೀರ್ಮಾನವಾಗಿರುತ್ತದೆ. ಪತಿಯ ಪುಣ್ಯದಲ್ಲಿ ಪತ್ನಿಗೆ ಅರ್ಧಪಾಲೆಂದು ನಮ್ಮ ಹಿರಿಯರು ಹೇಳುವರು. ಹೊಗೆಯಲ್ಲಿಯೂ ಅವಳಿಗೆ ಪಾಲು ಕೊಡಬೇಕೆಂದು ಯಾವ ಶಾಸ್ತ್ರವೂ ಹೇಳಿಲ್ಲ. ಬನಶಂಕರಿಯ ಒತ್ತೊತ್ತಾದ ಮನೆಗಳಲ್ಲಿ ಜಗಲಿಗೆ ಹೋಗಿ ಸೇದಿದ ಹೊಗೆಯು ಕಿಟಕಿಯಿಂದ ಒಳಗೇ ಬರುವುದು. ಪಕ್ಕದ ಮನೆಯ ಕೂಸಿನ ತೊಟ್ಟಿಲಿಗೂ ಹೋಗುವುದು. ಸಾರ್ವಜನಿಕ ಸ್ಥಳಗಳಲ್ಲಿ ಸೇದಕೂಡದೆಂಬ ನಿಯಮವು ೨೦೦೮ರ ಅಕ್ಟೋಬರ್ ೨ರಿಂದ ದೇಶದಲ್ಲೆಲ್ಲ ಜಾರಿಗೆ ಬಂದಿದೆ. ಮನೆಯೊಳಗಿನ ನಿಯಮವನ್ನು ಮಾತ್ರ ಯಜಮಾನನೇ ಮಾಡಬೇಕು.

ಹೆಂಗಸರನ್ನು ಬಾಧಿಸುವ ಹೊಗೆ ಹೊಗೆಸೊಪ್ಪಿನದು ಮಾತ್ರವಲ್ಲ, ಒಲೆಯದೂ ಉಂಟು. ಈ ವಿಷಯದಲ್ಲಿ ಮೈಸೂರಿನ ಜೆ.ಎಸ್.ಎಸ್. ವೈದ್ಯಕೀಯ ಕಾಲೇಜಿನ ಡಾಕ್ಟರ್ ಪಿ.ಎ. ಮಹೇಶ್ ಮತ್ತು ಸಂಗಡಿಗರು ಮೈಸೂರು ಜಿಲ್ಲೆಯ ಹಳ್ಳಿಗಳ ಹೆಂಗಸರಲ್ಲಿ ನಡೆಸಿ ೨೦೧೩ರಲ್ಲಿ ಪ್ರಕಟಿಸಿದ ಶೋಧನೆಯು ಸ್ಮರಣಾರ್ಹವಾದುದು. ಸೌದೆ, ಬೆರಣಿಗಳ ಒಲೆಯ ಮುಂದೆ ದಿನಕ್ಕೆ ಎಷ್ಟು ಗಂಟೆ, ಒಟ್ಟು ಎಷ್ಟು ವರ್ಷ ಎಂಬೆರಡನ್ನೂ ಗುಣಿಸಿದರೆ ಒಂದು ಸಂಖ್ಯೆ ಬರುವುದಷ್ಟೆ. ಆ ಸಂಖ್ಯೆಯು ೬೦ನ್ನು ಮುಟ್ಟಿದರೆ ದೀರ್ಘಕಾಲದ ಕಫಕೆಮ್ಮಿನ ಅಪಾಯವು ಸ್ಪಷ್ಟವಾಗಿ ಹೆಚ್ಚುವುದೆಂದು ಅವರು ಕಂಡರು. ದಿನಕ್ಕೆ ನಾಲ್ಕು ಗಂಟೆಯಂತೆ ಹದಿನೈದು ವರ್ಷ ಅಡಿಗೆ ಮಾಡಿದರೆ ಅರುವತ್ತಾಯಿತು. ಹದಿನಾರನೆಯ ವಯಸ್ಸಿಗೆ ಒಲೆಯ ಮುಂದೆ ಕುಳಿತವಳು ಮೂವತ್ತೊಂದಕ್ಕೆ ಆ ಗೆರೆಯನ್ನು ಮುಟ್ಟಿರುತ್ತಾಳೆ.

ಜಯನಗರದ ಮನೆಗಳಲ್ಲಿ ಗ್ಯಾಸಿನ ಒಲೆ ಬಂದು ಬಹಳ ಕಾಲವಾಯಿತು. ಆದರೆ ನಮ್ಮ ಮನೆಗಳಲ್ಲಿ ಪಾತ್ರೆ ತೊಳೆದು ನೆಲ ಸಾರಿಸುವ ಹೆಂಗಸರಲ್ಲಿ ಎಷ್ಟೋ ಮಂದಿ ಹಳ್ಳಿಗಳಲ್ಲಿ ಹೊಗೆಯೊಲೆಯ ಮುಂದೆ ಬೆಳೆದವರು. ನಮ್ಮ ಹಿರಿಯ ಅಕ್ಕಂದಿರೂ ಅತ್ತೆಯರೂ ಅಂಥವರೇ. ಮಹಡಿಯನ್ನು ಹತ್ತುವಾಗ ಅವರು ನಡುವೆ ನಿಂತು ಉಸಿರು ಬಿಡುವುದನ್ನು ನಾವು ಕಾಣುತ್ತೇವೆ. ವಯಸ್ಸಾಯಿತೆಂದೋ ರಕ್ತ ಕಡಮೆಯೆಂದೋ ಹೇಳಿ ಸುಮ್ಮನಾಗುತ್ತೇವೆ. ಸೊಳ್ಳೆಯ ಬತ್ತಿಯನ್ನೂ ಮರೆಯಬಾರದು. ಮುಚ್ಚಿದ ಕೋಣೆಯಲ್ಲಿ ಒಂದು ಬತ್ತಿ ಉರಿದು ಮುಗಿಯುವಾಗ ಹೊರಡುವ ಸೂಕ್ಷ್ಮಕಣಗಳು ೭೫ರಿಂದ ೧೩೭ ಸಿಗರೇಟುಗಳಿಂದ ಹೊರಡುವಷ್ಟೆಂದು ೨೦೦೩ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯು ತಿಳಿಸುತ್ತದೆ.

ರೋಗವನ್ನು ಗುರುತಿಸುವಲ್ಲಿ ಪಕ್ಷಪಾತ

ಕೊನೆಯದಾಗಿ ಒಂದು ಸಂಗತಿಯನ್ನು ಹೇಳಬೇಕು. ೨೦೦೧ರಲ್ಲಿ ಅಮೆರಿಕ ಮತ್ತು ಕೆನಡಗಳ ವೈದ್ಯರ ಮುಂದೆ ಒಬ್ಬ ಕಲ್ಪಿತ ರೋಗಿಯ ವೃತ್ತಾಂತವನ್ನಿಟ್ಟರು: ಧೂಮಪಾನಿ, ಕೆಮ್ಮು, ಏದುಸಿರು. ಎಲ್ಲ ವಿವರಗಳೂ ಒಂದೇ. ಕೆಲವರಿಗೆ ಮಾತ್ರ ರೋಗಿಯು ಗಂಡಸೆಂದೂ ಕೆಲವರಿಗೆ ಹೆಂಗಸೆಂದೂ ಹೇಳಿದ್ದರು. ಗಂಡಸೆಂದಾಗ ಧೂಮಪಾನದ ಶ್ವಾಸರೋಗವೆಂದು ಹೆಚ್ಚು ವೈದ್ಯರು ಸರಿಯಾಗಿ ಹೇಳಿದರು. ಹೆಂಗಸೆಂದಾಗ ಹಾಗೆ ಹೇಳಿದವರು ಕಡಮೆ. ಸ್ಪೈರೋಮೀಟರಿನ ಅಳತೆಯನ್ನು ತೋರಿಸಿದ ಮೇಲೆ ಈ ಅಂತರವು ಕುಗ್ಗಿತು. ಅಳತೆಗೆ ಪಕ್ಷಪಾತವಿಲ್ಲ.

ಅಲ್ಲಿಯ ವೈದ್ಯರೇ ಹೀಗೆ ಮೋಸಹೋದರೆ, ನಮ್ಮಲ್ಲಿ ಇನ್ನೊಂದು ತೊಡಕೂ ಸೇರಿದೆ, ಅದು ಲಜ್ಜೆ. ಸೇದುವ ಹೆಣ್ಣುಮಗಳು ಅದನ್ನು ತಾಯಿತಂದೆಗಳಿಗೆ ಹೇಳಳು. ತಾಯಿಯೊಡನೆ ವೈದ್ಯರ ಬಳಿಗೆ ಹೋದರೆ ವೈದ್ಯರಿಗೂ ಹೇಳಳು. ಆಕೆಯ ಮೌನಕ್ಕೆ ನಮ್ಮ ಕೋಪವೇ ಕಾರಣ. ಬೈದು ಅಟ್ಟಿದರೆ ಸಿಗರೇಟು ಹೋಗುವುದಿಲ್ಲ. ನಿಜವು ಮಾತ್ರ ಹೋಗುವುದು. ಮಗನೊಡನೆ ಆಡುವ ಮಾತನ್ನೇ ಮಗಳೊಡನೆಯೂ ಆಡುವುದು, ಇಬ್ಬರನ್ನೂ ಅಷ್ಟೇ ಕಳಕಳಿಯಿಂದ ತಡೆಯುವುದು, ಇದೇ ಹಿರಿಯರ ಧರ್ಮ.

ಈಗ ಮಾಡತಕ್ಕುದು

ಸಂತೋಷದ ವಾರ್ತೆಯನ್ನು ಹೇಳದೆ ಮುಗಿಸಲಾರೆವು. ಮೇಲೆ ಹೇಳಿದ ಹನ್ನೊಂದು ವರ್ಷದ ಪರೀಕ್ಷೆಯಲ್ಲಿಯೇ, ಸೇದುವುದನ್ನು ಬಿಟ್ಟ ಮೊದಲನೆಯ ವರ್ಷದಲ್ಲಿ ಹೆಂಗಸರ ಶ್ವಾಸಶಕ್ತಿಯು ಗಂಡಸರದಕ್ಕಿಂತ ಎರಡು ಪಟ್ಟಿಗೂ ಮಿಗಿಲಾಗಿ ಚೇತರಿಸಿಕೊಂಡಿತು. ಹೆಚ್ಚು ನೊಂದ ಪುಪ್ಪುಸವೇ ಹೆಚ್ಚು ಬೇಗನೆ ಕ್ಷಮಿಸುವುದೆಂದು ಹೇಳಬಹುದು. ಇಂಗ್ಲೆಂಡಿನ ಹತ್ತು ಲಕ್ಷಕ್ಕೂ ಮೇಲ್ಪಟ್ಟ ಹೆಂಗಸರನ್ನು ಅನುಸರಿಸಿ ೨೦೧೩ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ನಲವತ್ತಕ್ಕೆ ಮೊದಲೇ ಬಿಟ್ಟವರು ಧೂಮಪಾನದಿಂದಾಗುವ ಅಕಾಲಮರಣದ ಅಪಾಯದಲ್ಲಿ ನೂರಕ್ಕೆ ತೊಂಬತ್ತು ಪಾಲನ್ನು ತಪ್ಪಿಸಿಕೊಳ್ಳುವರು. ಬಿಡುವಾಗ ಸ್ವಲ್ಪ ಮೈ ಬರುವುದುಂಟು. ಈ ಭಯದಿಂದಲೇ ಎಷ್ಟೋ ಹೆಂಗಸರು ಮತ್ತೆ ಹಚ್ಚುವರು. ಬಂದ ಮೈಯನ್ನು ನಡೆದು ಕರಗಿಸಬಹುದು. ಹೋದ ಉಸಿರನ್ನು ಹಾಗೆ ತರಲಾಗದು.

ದಕ್ಷಿಣ ಬೆಂಗಳೂರಿನವರಿಗೆ ನೆರವು ದೂರವಿಲ್ಲ. ಜಯನಗರದ ಮಗ್ಗುಲಲ್ಲಿಯೇ ಸೋಮೇಶ್ವರನಗರದಲ್ಲಿ ರಾಜೀವ ಗಾಂಧಿ ಎದೆರೋಗಗಳ ಸಂಸ್ಥೆಯಿದೆ. ಹೊಸೂರು ರಸ್ತೆಯ ನಿಮ್ಹಾನ್ಸಿನಲ್ಲಿ ಚಟವನ್ನು ಬಿಡಿಸುವ ಚಿಕಿತ್ಸೆಯೂ ಉಂಟು. ೧೮೦೦-೧೧-೨೩೫೬ ಎಂಬ ಸರಕಾರದ ಉಚಿತ ದೂರವಾಣಿಯಲ್ಲಿ ತಂಬಾಕು ಬಿಡುವವರಿಗೆ ಸಲಹೆ ದೊರೆಯುವುದು. ಒಬ್ಬರೇ ಹೆಣಗುವುದಕ್ಕಿಂತ ಔಷಧ ಮತ್ತು ಸಲಹೆಗಳ ನೆರವಿನಿಂದ ಬಿಡುವವರು ಹೆಚ್ಚಾಗಿ ಸಫಲರಾಗುವರು.

ಆದುದರಿಂದ ಪ್ರತಿಯೊಂದು ಮನೆಯಲ್ಲಿಯೂ ಮೂರು ಕೆಲಸಗಳನ್ನು ಮಾಡಬೇಕೆಂದು ಪ್ರಾರ್ಥಿಸುತ್ತೇವೆ. ಸೇದುವವರಿದ್ದರೆ, ಗಂಡಸಾಗಲಿ ಹೆಂಗಸಾಗಲಿ, ಒಂದು ದಿನವನ್ನು ಗೊತ್ತುಮಾಡಿಕೊಂಡು ಬಿಡಲಿ; ಅಲ್ಲಿಯ ತನಕ ಮನೆಯೊಳಗೂ ಮಕ್ಕಳ ಮುಂದೆಯೂ ಹಚ್ಚದಿರಲಿ. ನಲವತ್ತು ದಾಟಿದ ಹೆಂಗಸಿಗೆ ಕೆಮ್ಮೋ ಏದುಸಿರೋ ಎರಡು ತಿಂಗಳು ನಿಂತರೆ, ಆಕೆ ಸೇದದಿದ್ದರೂ ಉಸಿರಿನ ಅಳತೆಯನ್ನು ಮಾಡಿಸಲಿ. ಒಲೆಯ ಮುಂದೆ ಕಳೆದ ವರ್ಷಗಳನ್ನು ವೈದ್ಯರಿಗೆ ಮರೆಯದೆ ಹೇಳಲಿ. ಮನೆಯ ಕೆಲಸಕ್ಕೆ ಬರುವವಳು ಮೆಟ್ಟಿಲ ಮೇಲೆ ನಿಂತು ದಮ್ಮು ಹಿಡಿದರೆ, ಆಕೆಯನ್ನೂ ಹಾಗೆಯೇ ಕರೆದೊಯ್ಯಲಿ. ಬೆಟ್ಟದ ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವ ನಾವು, ಮನೆಯವರ ಏದುಸಿರನ್ನು ಕಂಡು ಅದರ ಹಿಂದಿರುವ ಹೊಗೆಯನ್ನು ಊಹಿಸದಿದ್ದರೆ ಓದಿದ ತರ್ಕದಿಂದ ಫಲವೇನು?